ಹನ್ನೊಂದನೇ ಅಧ್ಯಾಯದ ‘ಅವರು’

ತಮ್ಮ ಆತ್ಮಕಥೆಯ ಬಿಡುಗಡೆಯ ದಿನ, ಪುಸ್ತಕದಲ್ಲಿ ಇಲ್ಲದ ಸಾಲೊಂದನ್ನು ಟೀಚರ್ ಮೈಕಿನಲ್ಲಿ ಓದಿದರು.

“ಅವರ ಜೊತೆ ಕೂತರೆ ನನಗೆ ಯಾವ ಊರೂ ಪರವೂರಲ್ಲ.”

ಓದಿ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಒಂದೇ ಕ್ಷಣ. ಹಳೆಯ ವಿದ್ಯಾರ್ಥಿಗಳೆಲ್ಲ ಚಪ್ಪಾಳೆ ತಟ್ಟಿದರು. ನನಗೆ ಕೈ ಏಳಲಿಲ್ಲ.

ನಾನು ಈ ಲೈಬ್ರರಿಯನ್ನು ನೋಡಿಕೊಳ್ಳುವವನು. ಟೀಚರ್ ಗಂಡನ ಜೊತೆ ಈ ದೇಶಕ್ಕೆ ಬಂದು, ಎರಡನೇ ವರ್ಷಕ್ಕೇ ಗಂಡನನ್ನು ಕಳೆದುಕೊಂಡವರು. ಹಗಲು ಶಾಲೆಯೊಂದರಲ್ಲಿ ಕಲಿಸುತ್ತ, ಸಂಜೆ ನಮ್ಮ ಓದುವ ಕೋಣೆಯಲ್ಲಿ, ಹೊಸದಾಗಿ ಬಂದವರ ಮಕ್ಕಳಿಗೆ ಹದಿನಾಲ್ಕು ವರ್ಷ ಪಾಠ ಹೇಳಿದರು. ಪಾಠ ಮುಗಿದ ಮೇಲೆ ನನ್ನ ಮೇಜಿನ ಎದುರು ಅರ್ಧ ಗಂಟೆ ಕೂರುತ್ತಿದ್ದರು. ಅವರ ಫ್ಲಾಸ್ಕಿನ ಟೀ, ನನ್ನ ಎರಡು ಲೋಟ. ಆ ಅರ್ಧ ಗಂಟೆಗಾಗಿ ನಾನು ದಿನವಿಡೀ ಗಡಿಯಾರ ನೋಡುತ್ತಿದ್ದೆ. ಪ್ರೀತಿಸುತ್ತಿದ್ದೆ, ಅಷ್ಟೇ. ಹೇಳುವ ಧೈರ್ಯ ಇರಲಿಲ್ಲ.

ಆತ್ಮಕಥೆ ಬರೆದಾಗ ಟೈಪ್ ಮಾಡಿ ತಿದ್ದಲು ನನಗೇ ಕೊಟ್ಟರು.

“ಕಾಮಾ ಎಷ್ಟು ಬೇಕಾದ್ರೂ ಹಾಕ್ಕೊಳ್ಳಿ, ನಿಮ್ಮ ಚಟ. ಹನ್ನೊಂದನೇ ಅಧ್ಯಾಯ ಮಾತ್ರ ನಿಧಾನವಾಗಿ ಓದಿ, ಆಯ್ತಾ?”

ನಿಧಾನವಾಗಿಯೇ ಓದಿದೆ. ಆ ಸಾಲು ಅಲ್ಲಿತ್ತು. ಹೆಂಡತಿ ‘ಅವರು’ ಎಂದರೆ ಗಂಡ. ನಮ್ಮ ಭಾಷೆ ಬಲ್ಲ ಯಾರನ್ನಾದರೂ ಕೇಳಿ. ಆದರೆ ಸತ್ತವರಿಗೆ ವರ್ತಮಾನಕಾಲ ಯಾಕೆ? ಹೊಟ್ಟೆಕಿಚ್ಚು ನುಂಗಿಕೊಂಡು ತಿದ್ದಿದೆ: ‘ನಮ್ಮ ಯಜಮಾನರ ಜೊತೆ ಕೂತಾಗ ಯಾವ ಊರೂ ಪರವೂರಾಗಿರಲಿಲ್ಲ.’

ತಿದ್ದಿದ ಪ್ರತಿಯಲ್ಲಿ ಟೀಚರ್ ಆ ಸಾಲಿನ ಮೇಲೆ ಬೆರಳಿಟ್ಟರು.

“ಇದೇ ಸರಿ ಅಂತೀರಾ?”

“ಹೀಗಿದ್ರೆ ಯಾರಿಗೂ ಅನುಮಾನ ಬರಲ್ಲ, ಟೀಚರ್.”

“ಸರಿ. ಇರಲಿ ಬಿಡಿ.”

ಆಮೇಲೆ ಅವರು ಟೀಗೆ ಕೂರುವುದನ್ನು ನಿಲ್ಲಿಸಿದರು. ಎರಡು ತಿಂಗಳ ನಂತರ, ಅವರ ಶಾಲೆಯ ಡ್ರಾಯಿಂಗ್ ಮೇಷ್ಟ್ರು ಮದುವೆಯ ಮಾತೆತ್ತಿದರಂತೆ, ಇವರು ಒಪ್ಪಿದರಂತೆ. ಬರುವ ಹತ್ತಕ್ಕೆ ರಿಜಿಸ್ಟ್ರೇಷನ್. ಹಲ್ಲು ಕಿಸಿದು ಶುಭಾಶಯ ಹೇಳಿದವರಲ್ಲಿ ನಾನೇ ಮೊದಲಿಗ.

ಸಭೆ ಮುಗಿದು, ಪುಸ್ತಕಗಳಿಗೆ ಸಹಿ ಹಾಕುವ ಗಲಾಟೆಯೂ ಮುಗಿದಾಗ ಟೀಚರನ್ನು ಅಟ್ಲಾಸುಗಳ ಕಪಾಟಿನ ಹಿಂದೆ ಕಂಡೆ.

“ಆ ಸಾಲು ಪುಸ್ತಕದಲ್ಲಿ ಹಾಗಿಲ್ಲ.”

“ಗೊತ್ತು. ಒಂದು ಸಲನಾದ್ರೂ ನಾನು ಬರೆದ ಹಾಗೇ ಓದೋಣ ಅನ್ನಿಸ್ತು.”

“ಅದು… ಯಜಮಾನ್ರಲ್ವಾ?”

ಟೀಚರ್ ನನ್ನ ಮುಖವನ್ನೇ ನೋಡಿದರು. ಮೊದಲು ನಗು ಬಂತು, ಆಮೇಲೆ ನಗು ಅಲ್ಲೇ ನಿಂತುಹೋಯಿತು.

“ಅಯ್ಯೋ, ನಿಮಗೆ ನಿಜವಾಗ್ಲೂ ಗೊತ್ತಾಗ್ಲಿಲ್ವಾ? ಯಜಮಾನ್ರ ವಿಷಯ ಮೂರನೇ ಅಧ್ಯಾಯಕ್ಕೇ ಮುಗೀತಲ್ರೀ. ಹನ್ನೊಂದರಲ್ಲಿ ಬರೀ ಈ ಲೈಬ್ರರಿನೇ ಇರೋದು. ನೀವು ತಿದ್ದಿದ್ದು ನೋಡಿ, ಮರ್ಯಾದೆಯಾಗಿ ಬೇಡ ಅಂದ್ರಲ್ಲ ಅಂದ್ಕೊಂಡೆ. ಮೂರು ದಿನ ಅತ್ತಿದೀನಿ.”



“ಟೀಚರ್, ನಾನು—”

“ಬೇಡ, ಕೇಳ್ಬೇಡಿ. ಕೇಳಿದ್ರೆ ಹೂಂ ಅಂದ್ಬಿಡ್ತೀನಿ. ಆಮೇಲೆ ಆ ಮನುಷ್ಯನ ಮುಖ ಹೇಗೆ ನೋಡ್ಲಿ? ಏನೂ ತಪ್ಪು ಮಾಡಿಲ್ಲ ಅವ್ರು.”

ನನ್ನ ಅಂಗಿಯ ತೋಳನ್ನು ಎರಡು ಬೆರಳಲ್ಲಿ ಹಿಡಿದಿದ್ದರು. ಹದಿನಾಲ್ಕು ವರ್ಷದಲ್ಲಿ ಮುಟ್ಟಿದ್ದು ಅದೊಂದೇ ಸಲ, ಅದೂ ಬಟ್ಟೆಯನ್ನು.

“ಇಲ್ಲಿದೀರಾ?” ಮೇಷ್ಟ್ರು ಟೀಚರ ಕೋಟು ಹಿಡಿದು ಬಂದರು. “ನಮ್ಮಮ್ಮ ಕಾಯ್ತಿದಾರೆ.” ಆಮೇಲೆ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದರು. “ಸಾರ್, ಈ ಪುಸ್ತಕ ಇಷ್ಟು ಚೆನ್ನಾಗಿ ಬಂದಿದ್ದು ನಿಮ್ಮಿಂದ.” ಒಳ್ಳೆಯವರು. ಅವರನ್ನು ದ್ವೇಷಿಸುವ ಸುಖವೂ ನನಗೆ ಇಲ್ಲವಾಯಿತು.

ಟೀಚರ್ ಕೋಟು ಹಾಕಿಕೊಂಡರು. ಬಾಗಿಲ ಬಳಿ ತಿರುಗಿದರು.

“ಹೋಗ್ತೀನಿ,” ಎಂದರು. ನಮ್ಮಲ್ಲಿ ಹಾಗೆ ಹೇಳಿ ಯಾರೂ ಹೊರಡುವುದಿಲ್ಲ, ‘ಬರ್ತೀನಿ’ ಎನ್ನುತ್ತಾರೆ.

ಹೋಗಿ ಬನ್ನಿ ಎನ್ನಲು ಹೊರಟವನು, ‘ಹೋಗಿ’ ಎಂದಷ್ಟೇ ಹೇಳಿದೆ.