ಹಯವದನನ ಎಚ್

ಬೊಂಬಾಯಿಯಿಂದ ಹೊಸ ಇಂಗ್ಲಿಷ್ ಅಚ್ಚಿನ ಮೊಳೆಗಳು ಬಂದಾಗಿನಿಂದ ಬರೋಡದ ದಿವಾಕರನ ಪ್ರೆಸ್ಸಿನಲ್ಲಿ ಏನು ಅಚ್ಚಾದರೂ ಕುಂಚದಲ್ಲಿ ಬರೆದಂತೆ ಕಾಣುತ್ತಿತ್ತು. ಅಕ್ಷರಗಳೆಲ್ಲ ಬಲಕ್ಕೆ ವಾಲಿ, ಒಂದರ ಬಾಲ ಇನ್ನೊಂದರ ಕೈ ಹಿಡಿದು, ಯಾರೋ ಖುಷಿಯಲ್ಲಿ ಗೀಚಿದ ಹಾಗೆ. ಕೂದಲೆಣ್ಣೆಯ ಲೇಬಲ್ಲಿಗೆ ಅದು ಚೆಂದ, ಸೀರೆ ಸೇಲಿಗೂ ಚೆಂದ. ದಿವಾಕರ ಅದರಲ್ಲೇ ಒಬ್ಬ ವಕೀಲರ ತಿಥಿಯ ಕಾರ್ಡನ್ನೂ ಅಚ್ಚು ಹಾಕಿದ. ಬಂದವರು ಯಾರ ಹುಟ್ಟುಹಬ್ಬ ಎಂದು ಕೇಳಿದರಂತೆ.

ಪಕ್ಕದ ಉಡುಪಿ ಹೋಟೆಲಿನ ಮೆನುವೂ ಅವನದೇ. ಕೊಟ್ಟ ದುಡ್ಡಿಗೆ ದೊಡ್ಡ ಅಕ್ಷರಗಳೇ ಬೇಕೆಂದು ಮಾಲೀಕ ಶಂಕರನಾರಾಯಣ ರಾಯರು ಹಟ ಹಿಡಿದರು. ಎಲ್ಲ ಕ್ಯಾಪಿಟಲ್ ಆದಾಗ ಆ ಲಿಪಿ ಯಾರಿಗೂ ಓದಲಾಗದ ಗೋಜಲಾಯಿತು. ಗಿರಾಕಿಗಳು ಪಕ್ಕದ ಮೇಜಿನತ್ತ ಬೆರಳು ತೋರಿಸಿ ತಿಂಡಿ ತರಿಸಿಕೊಳ್ಳತೊಡಗಿದರು.

ಅದನ್ನು ತಿದ್ದಿಸಲು ರಾಯರ ಮಗಳು ವೇದಾ ಪ್ರೆಸ್ಸಿಗೆ ಹೋದಳು. ಮೆನು ಸರಿಯಾದ ಮೇಲೂ ಪ್ರೂಫ್ ನೋಡುವ ನೆಪದಲ್ಲಿ ಹೋಗುತ್ತಿದ್ದಳು. ಇಡ್ಲಿ ಎಂಬ ಪದದಲ್ಲಿ ಎಷ್ಟು ತಪ್ಪಿರಲು ಸಾಧ್ಯ ಎಂದು ಅಮ್ಮ ಕೇಳಲಿಲ್ಲ.

ದಿವಾಕರ ಅಕ್ಷರಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುವವನು. ತನ್ನ ಬಗ್ಗೆ ಒಂದು ಮಾತಿಲ್ಲ. ಅವಳು ಕಾದಳು. ಬೊಂಬಾಯಿಯ ಬ್ಯಾಂಕಿನ ಹಯವದನನ ಸಂಬಂಧ ಬಂದಾಗ ಬೇಡ ಅನ್ನಲಿಲ್ಲ. ಬೇಡ ಅನ್ನಲು ಇನ್ನೊಂದು ಹೆಸರು ಬೇಕು. ಆ ಹೆಸರಿನವನೇ ಬಾಯಿ ಬಿಟ್ಟಿರಲಿಲ್ಲ.

ಮದುವೆ ಕಾರ್ಡಿನ ಒಕ್ಕಣೆ ಹಿಡಿದು ಅವಳೇ ಹೋದಳು. ದಿವಾಕರ ಅದನ್ನು ಬಹಳ ಹೊತ್ತು ಓದಿದ. ಕೊನೆಗೆ, ಆ ಕುಂಚದಂಥ ಬ್ರಷ್ ಟೈಪಿನಲ್ಲಿ ಹಯವದನನ ಎಚ್ ಇಲ್ಲ ಎಂದ. ಬಾಲ ಮೊಳೆಯ ಹೊರಗೆ ಚಾಚಿರುತ್ತದಲ್ಲ, ಮುರಿದುಹೋಯಿತು, ಹೊಸದು ಬರಲು ತಿಂಗಳುಗಳೇ ಬೇಕು. ಬೇರೆ ಟೈಪಿನಲ್ಲಿ ಹಾಕಿ ಎಂದಳು ವೇದಾ. ಮದುವೆಗೆ ಅದು ಒಪ್ಪುವುದಿಲ್ಲ ಎಂದ, ತಿಥಿಗೆ ಬ್ರಷ್ ಒಪ್ಪಿಸಿದ ಮಹಾಶಯ.

ವೇದಾ ತಲೆಯೆತ್ತಿದಳು. ಅವನ ನೆತ್ತಿಯ ಮೇಲೆ ದಾರದಲ್ಲಿ ಒಣಗುತ್ತಿತ್ತು ಒಂದು ಹ್ಯಾಂಡ್‌ಬಿಲ್: ಹೋಸಿಯರಿ ಸೇಲ್. ಅದರ ಎಚ್ ಎರಡೂ ಕಾಲು ಚಾಚಿ ಹಾಯಾಗಿ ನಿಂತಿತ್ತು.

“ಇದೆಂತ?”

ಅವನ ಕಿವಿ ಕೆಂಪಾಯಿತು. “ಅದು ಬೆಳಿಗ್ಗೆ ಇತ್ತು.”

“ಈಗ?”

“ನಿಮ್ಮ ಕಾರ್ಡ್ ನೋಡಿದ ಮೇಲೆ ಇಲ್ಲ.”

ಅವನು ನೆಲ ನೋಡುತ್ತಿದ್ದ. ಹಯವದನನ ಹೆಸರಿನ ಮೇಲೆಯೇ ಅವನ ಶಾಯಿ ಹೆಬ್ಬೆಟ್ಟು ಒತ್ತಿತ್ತು. ಅವಳಿಗೆ ನಗು ಬಂತು. ಇಷ್ಟು ದಿನ ಕಾಯಿಸಿದ್ದಕ್ಕೆ ಸಿಟ್ಟೂ ಬಂತು.

“ಯಾವ ಅಕ್ಷರ ಉಂಟು ನಿಮ್ಮಲ್ಲಿ?”

“ವಿ ಉಂಟು,” ಎಂದ ಮೆಲ್ಲಗೆ. “ಡಿ ಕೂಡ. ಬೇಕಾದಷ್ಟು.”

ವೇದಾ ಮೊಳೆಗಳ ಗೂಡಿನಿಂದ ಎಚ್‌ಗಳನ್ನೆಲ್ಲ ಹೆಕ್ಕಿ ಸೆರಗಿನ ತುದಿಗೆ ಗಂಟು ಕಟ್ಟಿಕೊಂಡಳು.

“ಈಗ ನಿಜವಾಗಿ ಇಲ್ಲ. ಸಂಜೆ ಬಂದು ಅಪ್ಪನ ಹತ್ರ ಹೇಳಿ. ಬಾಯಲ್ಲಿ. ಅಚ್ಚು ಹಾಕಿ ತರಬೇಡಿ, ನಿಮ್ಮ ಅಕ್ಷರ ಅವರಿಗೆ ಓದ್ಲಿಕ್ಕೆ ಬರುವುದಿಲ್ಲ.”

ಸಂಜೆ ದಿವಾಕರ ಬಂದು ಮೂಲೆಯ ಮೇಜಿನಲ್ಲಿ ಕುಳಿತ. ಎಂತ ಬೇಕು ಎಂದು ರಾಯರು ಕೇಳಿದರು. ಅವನು ಬಾಯಿ ತೆರೆದ, ಮುಚ್ಚಿದ. ಕೊನೆಗೆ ಆ ಹಳೆಯ ಮೆನುವಿನ ಗಿರಾಕಿಗಳಂತೆಯೇ ಬೆರಳೆತ್ತಿ, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ವೇದಾಳನ್ನು ತೋರಿಸಿದ.

ರಾಯರು ಬೆರಳಿನ ದಿಕ್ಕಿಗೆ ತಿರುಗಿದರು. ಮಗಳು ತಲೆ ತಗ್ಗಿಸಲಿಲ್ಲ. ಅವರು ನಿಧಾನವಾಗಿ ಅವನ ಎದುರಿನ ಕುರ್ಚಿಯಲ್ಲಿ ಕುಳಿತರು.

“ಬೊಂಬಾಯಿಗೆ ಎಂತ ಬರೆಯುವುದು ಮಗಳೇ?”

“ಎಚ್ ಸಿಗಲಿಲ್ಲ ಅಂತ ಬರೆಯಿರಿ ಅಪ್ಪ,” ಎಂದಳು ವೇದಾ, ಸೆರಗಿನ ಗಂಟನ್ನು ಇನ್ನಷ್ಟು ಬಿಗಿ ಮಾಡುತ್ತ.