ಷರಾ: ಎಚ್.ಬಿ.

೨೦೦೦ದ ಮಾರ್ಚ್ ತಿಂಗಳ ಒಂದು ಸೋಮವಾರ, ನ್ಯೂಜೆರ್ಸಿಯ ಆಲ್ಡರ್‌ಫೀಲ್ಡ್ ಪೊಲೀಸ್ ಠಾಣೆಗೆ ಹೈಸ್ಕೂಲಿನ ಪ್ರಿನ್ಸಿಪಾಲರೇ ದೂರು ಹಿಡಿದು ಬಂದರು. ನವೆಂಬರಿನಲ್ಲಿ ಕಾರು ಜಾರಿ ತೀರಿಕೊಂಡ ವಿದ್ಯಾರ್ಥಿನಿ ಅನುಶ್ರೀಯ ಹೆಸರು ಹೊಸ ಹಾಜರಿ ಪಟ್ಟಿಯಲ್ಲಿತ್ತು. ಹೊಸ ಟೀಚರ್ ಅದನ್ನು ಕೂಗಿಬಿಟ್ಟಿದ್ದರು. ತರಗತಿಗೆ ತರಗತಿಯೇ ಅತ್ತಿತ್ತು.

ಕೇಸು ಡಿಟೆಕ್ಟಿವ್ ಬಸವಕಿರಣನ ಮೇಜಿಗೆ ಬಂತು. ಇಲ್ಲೇ ಹುಟ್ಟಿ ಬೆಳೆದವನು. ಎಫ್‌ಐಆರ್, ಪಂಚನಾಮೆ ಎಂಬ ಹೆಸರುಗಳು ಇಲ್ಲಿಲ್ಲದಿದ್ದರೂ ಬರೆಯುವ ಕರ್ಮ ಎಲ್ಲ ಠಾಣೆಗೂ ಒಂದೇ. ಬರೆದು ಮುಗಿಸಿ ಟೌನ್ ಹಾಲಿಗೆ ಹೋದ.

ಊರಿನ ಕಡತಗಳನ್ನೆಲ್ಲ ಕಂಪ್ಯೂಟರಿಗೇರಿಸಿ ಶಾಲೆ, ಲೈಬ್ರರಿ, ಅಗ್ನಿಶಾಮಕ ದಳಕ್ಕೆ ಹಂಚುವ ಯೋಜನೆ ಅಲ್ಲಿ ನಡೆದಿತ್ತು. ಅನುಶ್ರೀಯ ದಾಖಲೆಯಲ್ಲಿದ್ದ 'ಮೃತ' ಎಂಬುದನ್ನು ಯಾರೋ ಅಳಿಸಿ 'ಸದ್ಯ ಊರಲ್ಲಿಲ್ಲ' ಎಂದು ಮಾಡಿದ್ದರು. ಷರಾ ಕಾಲಂನಲ್ಲಿ ಎರಡೇ ಅಕ್ಷರ: ಎಚ್.ಬಿ. ಯೋಜನೆಯ ಮ್ಯಾನೇಜರ್ ಪಂಚಾಕ್ಷರಿ ಆ ಹುಡುಗಿಯ ತಂದೆ. ಅವರನ್ನು ಕೆದಕಲು ಯಾರಿಗೂ ಬಾಯಿ ಬಂದಿರಲಿಲ್ಲ.

ಗುಮಾಸ್ತೆ ಹೆಲೆನ್ ಬರ್ಕ್‌ಳನ್ನು ಆಗಲೇ ಅಮಾನತು ಮಾಡಿದ್ದರು. ಹೆಸರಿನ ಮೊದಲಕ್ಷರಗಳೇ ಸಾಕ್ಷಿಯಂತೆ! ಬಸವಕಿರಣ ಅವಳನ್ನೇ ಕೇಳಿದ.

"ನೀವು ತಿದ್ದಿದ್ರಾ?"

"ಇಲ್ಲ."

"ಪಾಸ್‌ವರ್ಡ್ ಯಾರಿಗೆ ಗೊತ್ತು?"

"ಇಡೀ ರೂಮಿಗೆ. ಗೋಡೆ ಮೇಲೇ ಅಂಟಿಸಿದೆ." ಹೆಲೆನಳ ಕಣ್ಣು ತುಂಬಿತು. "ಶುಕ್ರವಾರ ನನ್ನನ್ನ ಕೆಲಸದಿಂದ ತೆಗೀತಾರೆ. ಸತ್ತ ಮಗು ಹೆಸರಲ್ಲಿ ನಾನು ಇಂಥ ತಮಾಷೆ ಮಾಡ್ತೀನಾ?"

ಬುಧವಾರದವರೆಗೂ ತಲೆಬುಡ ಹತ್ತಲಿಲ್ಲ. ಗುರುವಾರ ಬೆಳಿಗ್ಗೆ ಬಸವಕಿರಣ ಶೂ ಕಟ್ಟುತ್ತಾ "ಅಮ್ಮಾ, ಹೋಗ್ತೀನಿ" ಎಂದ. ಅಡಿಗೆಮನೆಯಿಂದಲೇ ಶಿವಗಂಗಮ್ಮ ಗದರಿದರು.

"ಎಷ್ಟು ಸಲ ಹೇಳ್ಬೇಕೋ? ಹೋಗ್ತೀನಿ ಅನ್ಬಾರ್ದು. ಹೋಗಿ ಬರ್ತೀನಿ ಅನ್ನು!"

"ಓಕೆ ಅಮ್ಮಾ, ಹೋಗಿ ಬ..."

ಲೇಸಿನ ಮೇಲೆ ಅವನ ಕೈ ನಿಂತುಬಿಟ್ಟಿತು. ಹೋಗಿ. ಬರ್ತೀನಿ. ಎಚ್, ಬಿ. ಆ ರೂಮಿನಲ್ಲಿ ಕನ್ನಡ ಬಲ್ಲವರು ಒಬ್ಬರೇ. ಅವನಿಗೆ ಸಂತೋಷವಾಗಲಿಲ್ಲ.

ಪಂಚಾಕ್ಷರಿ ಮನೆಯಲ್ಲೇ ಸಿಕ್ಕರು. ಹೆಂಡತಿ ರಾಜಿ ಸೋಫಾದ ಅಂಚಿನಲ್ಲಿ ಕುಳಿತಿದ್ದರು.

"ಅಂಕಲ್, ಎಚ್.ಬಿ. ಅಂತ ಬರ್ದಿದ್ದು ನೀವಾ?"

"ಹೂಂ."

"ಯಾಕೆ?"

"ಅವತ್ತು ಅನು 'ಅಪ್ಪಾ, ಹೋಗ್ತೀನಿ' ಅಂದ್ಲು. ಐ ಆಮ್ ಗೋಯಿಂಗ್ ಅನ್ನೋದನ್ನೇ ಕನ್ನಡದಲ್ಲಿ ಹೇಳೋಳು. ದಿನಾ ತಿದ್ತಿದ್ದೆ. ಅವತ್ತು ಈ ಪ್ರಾಜೆಕ್ಟ್‌ದೇ ಕಾಲ್‌ನಲ್ಲಿದ್ದೆ. ತಿದ್ಲಿಲ್ಲ." ಅವರು ಅಂಗೈ ನೋಡಿಕೊಂಡರು. "ಅದಕ್ಕೇ ಈಗ ತಿದ್ದಿದೆ."

"ಪಾಪ ಹೆಲೆನ್ ಕೆಲಸ ಹೋಗ್ತಿತ್ತಲ್ಲ, ಅಂಕಲ್."

"ಗೊತ್ತಿತ್ತಪ್ಪಾ. ತಪ್ಪೇ. ಆದ್ರೆ ಒಪ್ಕೊಂಡ್ರೆ ಮತ್ತೆ ಡೆಡ್ ಅಂತ ಬರೀತಿದ್ರು."

ಬಸವಕಿರಣ ಹಕ್ಕುಗಳನ್ನು ಓದಿ ಹೇಳಿದ. ಸರ್ಕಾರಿ ದಾಖಲೆ ತಿರುಚಿದ ಆರೋಪ. ಟೌನ್ ಹಾಲಿಗೆ ಫೋನ್ ಮಾಡಿ, ಹೆಲೆನ್ ನಿರಪರಾಧಿ ಎಂದು ತಿಳಿಸಿದ. ಕೋಳ ತೊಡಿಸಿದ.

ಹೊಸ್ತಿಲಲ್ಲಿ ಪಂಚಾಕ್ಷರಿ ಹೆಂಡತಿಯತ್ತ ತಿರುಗಿದರು. ಬಾಯಿ ತೆರೆದರು, ಮಾತು ಹೊರಡಲಿಲ್ಲ. ಅರೆಸ್ಟ್ ಮಾಡಿದವನು ಆಡುವ ಮಾತಲ್ಲ, ಆದರೂ ಬಸವಕಿರಣ ಆಡಿದ.

"ಹೋಗಿ ಬರ್ತೀವಿ, ಆಂಟಿ."

"ಹೋಗಿ ಬನ್ನಿ" ಎಂದರು ರಾಜಿ. ಕಾರು ತಿರುವು ದಾಟುವವರೆಗೂ ಬಾಗಿಲು ಹಾಕಲಿಲ್ಲ.