ಪಿನ್ನು ಚುಚ್ಚದ ಸೀರೆ

ಬಹಳ ಕಾಲದ ಹಿಂದೆ ಮಿಂಚುಗಿರಿ ಎಂಬ ರಾಜ್ಯದಲ್ಲಿ ದೇವೀರಿ ಎಂಬ ಹೆಣ್ಣಿದ್ದಳು. ರಾಣಿ ಪದುಮಲದೇವಿಗೆ ಸೀರೆ ಉಡಿಸುವುದು ಅವಳ ಕೆಲಸ. ಅರಮನೆಯಲ್ಲಿ ಯಾರ ಸೊಂಟದಲ್ಲಿ ಯಾರ ಗುಟ್ಟಿದೆ ಎಂದು ಅವಳಿಗೆ ಗೊತ್ತಿತ್ತು. ಆದರೂ ಬಾಯಿ ಬಿಡುತ್ತಿರಲಿಲ್ಲ. ಅಂಥ ಹೆಂಗಸರು ಈಗ ಎಲ್ಲಿದ್ದಾರೆ ಹೇಳಿ.

ಅವಳಿಗೆ ತಂದೆಯಿಲ್ಲ, ತಾಯಿಯಿಲ್ಲ, ಸಣ್ಣಿ ಎಂಬ ತಂಗಿಯೊಬ್ಬಳೇ. ಆ ಸಣ್ಣಿಯ ಮೇಲೆ ಮಾಂತ್ರಿಕ ಧೂಮಾಕ್ಷನ ಕಣ್ಣು ಬಿತ್ತು. ಅವನು ಕಟ್ಟಿಕೊಂಡ ಮೂವರು ಹೆಂಡಿರೂ ತವರಿಗೆ ಓಡಿಹೋಗಿದ್ದರು. ಯಾಕೆ ಓಡಿದರು ಎಂದು ಊರಿಗೆಲ್ಲ ಗೊತ್ತು, ಬಿಡಿ. ಆದರೂ ನರೆತ ಗಡ್ಡಕ್ಕೆ ಕಾಡಿಗೆ ಬಳಿದುಕೊಂಡು ಹೆಣ್ಣು ಕೇಳಲು ಬಂದ, ನಾಚಿಕೆಗೆಟ್ಟವನು.

"ತಾತಾ, ಕಾಡಿಗೆ ಕೊರಳಿಗೆ ಇಳಿದಿದೆ, ಒರೆಸಿಕೊಳ್ಳಿ," ಎಂದಳು ಸಣ್ಣಿ.

ಅಷ್ಟಕ್ಕೇ ಅವನು ನೀರು ಮಂತ್ರಿಸಿ ಚಿಮುಕಿಸಿದ. ಹುಡುಗಿ ನಿಂತಲ್ಲೇ ಸೀರೆಯಾಗಿಬಿಟ್ಟಳು. ದಾಳಿಂಬೆ ಬಣ್ಣದ ಸೀರೆ, ಮುಟ್ಟಿದರೆ ಮೈಯಂತೆ ಬೆಚ್ಚಗೆ.

"ಇದು ರಾಣಿಗೆ ನನ್ನ ಕಾಣಿಕೆ," ಎಂದ ದೇವೀರಿಗೆ. "ಮೂರು ಸಭೆಗೆ ರಾಣಿ ಇದನ್ನುಟ್ಟು, ಸೆರಗು ಜಾರದೆ, ಒಂದು ತೂತೂ ಬೀಳದೆ ಇದ್ದರೆ ನಿನ್ನ ತಂಗಿ ನಿನಗೆ. ಮಾಟ ನನ್ನ ತಲೆಗೇ ತಿರುಗಲಿ. ಒಂದು ಪಿನ್ನು ಚುಚ್ಚಿತೋ, ಅವಳು ಬಟ್ಟೆಯಾಗಿಯೇ ಹರಿದುಹೋಗಲಿ."

ರಾಣಿ ಸಭೆಗೆ ಹೋದರೆ ಹೆಗಲ ಮೇಲೆ ಅತ್ತೆ ಕೊಟ್ಟ ಚಿನ್ನದ ನವಿಲಿನ ಪದಕ ಇರಲೇಬೇಕು. ಅಂಗೈಯಗಲದ ನವಿಲು. ಪಿನ್ನಿಲ್ಲದೆ ಅದು ಸೆರಗಿನಲ್ಲಿ ನಿಲ್ಲುವುದೆಂತು? ಆ ಕಳ್ಳನಿಗೆ ಇದೂ ಗೊತ್ತಿತ್ತು.

ದೇವೀರಿ ಕಣ್ಣೊರೆಸಿಕೊಂಡು ಸೂಜಿಗಲ್ಲಿನ ಬೆಟ್ಟಕ್ಕೆ ಹೊರಟಳು. ಅಲ್ಲಿ ಹಾದುಹೋಗುವ ಕುದುರೆಗಳ ಲಾಳವನ್ನೇ ಬಂಡೆ ಕಿತ್ತುಕೊಳ್ಳುತ್ತದೆ ಎಂದು ಕೇಳಿದ್ದಳು. ಹೋಗಿ ನೋಡಿದರೆ ಒಂದು ಕರಡಿ ಬಂಡೆಗೆ ಬೆನ್ನು ಅಂಟಿಸಿಕೊಂಡು ನರಳುತ್ತಿದೆ. ಬೇಟೆಗಾರರ ಬಾಣದ ಮೊನೆಗಳು ಬೆನ್ನಲ್ಲಿ ಮುರಿದುಕೊಂಡಿವೆ, ಬಂಡೆ ಅವನ್ನು ಹಿಡಿದಿದೆ.

"ಕಚ್ಚುವುದಿಲ್ಲ ಮಗಳೇ," ಎಂದಿತು ಕರಡಿ. "ಕಚ್ಚಬೇಕೆಂದರೂ ಏಳಬೇಕಲ್ಲ."

ದೇವೀರಿ ಒಂದೊಂದೇ ಮೊನೆ ಕಿತ್ತು ಅರಿಸಿನ ಹಚ್ಚಿದಳು. ಕರಡಿ ಎದ್ದು ಮೈ ಕೊಡವಿ, ಅವಳ ಕತೆ ಕೇಳಿ, ಬಂಡೆಯಿಂದ ಎರಡು ಚೂರು ಮುರಿದು ಕೊಟ್ಟಿತು.

"ನನ್ನನ್ನು ಹಿಡಿದದ್ದು ಇವೇ. ಇನ್ನು ನಿನಗಾಗಿ ಹಿಡಿಯಲಿ."

ಆ ಕಲ್ಲುಗಳನ್ನು ಒಂದು ಮಗ್ಗುಲಾಗಿ ಹಿಡಿದರೆ ಅತ್ತೆ ಸೊಸೆಯ ಹಾಗೆ ಮುಖ ತಿರುಗಿಸಿದವು. ಮಗುಚಿ ಹಿಡಿದರೆ ಹೊಸ ಗಂಡ ಹೆಂಡಿರ ಹಾಗೆ ಅಂಟಿಕೊಂಡವು, ಬಿಡಿಸಿದರೂ ಬಿಡವು. ದೇವೀರಿ ಒಂದನ್ನು ನವಿಲಿನ ಬೆನ್ನಿಗೆ ಅರಗಿನಿಂದ ಮೆತ್ತಿದಳು. ಇನ್ನೊಂದನ್ನು ರಾಣಿಯ ರವಿಕೆಯ ಒಳಗೆ, ಹೆಗಲ ಮೇಲೆ ಇಟ್ಟಳು. ನಡುವೆ ಸೆರಗು.

"ಪಿನ್ನು ಎಲ್ಲೇ?" ಎಂದಳು ರಾಣಿ.

"ಚುಚ್ಚಬೇಡಿ ತಾಯೀ. ಇವಳು ನನ್ನ ತಂಗಿ," ಎಂದು ದೇವೀರಿ ಎಲ್ಲ ಹೇಳಿದಳು.

ರಾಣಿ ಸೆರಗು ಸವರಿದಳು. ಅದು ಬೆಚ್ಚಗಿತ್ತು. ಆಮೇಲೆ, "ಒಳಗೊಂದು ನೂಲಿನ ಸೀರೆ ಉಡಿಸು," ಎಂದಳು. "ತುಂಬಿದ ಸಭೆಯಲ್ಲಿ ನಿನ್ನ ತಂಗಿ ಎದ್ದು ಹೋದರೆ ನನ್ನ ಗತಿ ಏನೇ?"

ಮೊದಲ ಸಭೆಯಲ್ಲಿ ರಾಣಿ ಹಿರಿಯರಿಗೆಲ್ಲ ಬಗ್ಗಿ ಬಗ್ಗಿ ನಮಸ್ಕರಿಸಿದಳು. ಸೆರಗು ಕದಲಲಿಲ್ಲ.

ಎರಡನೆಯ ಸಭೆಯಲ್ಲಿ ಮಂತ್ರಿಯ ಹೆಂಡತಿ ನಗುನಗುತ್ತ ಬಂದು ರಾಣಿಯನ್ನು ತಬ್ಬಿದಳು. ಟಪ್ಪೆಂದು ಅವಳ ಕುಪ್ಪಸದೊಳಗಿಂದ ಏನೋ ಹಾರಿ ನವಿಲಿಗೆ ಕಚ್ಚಿತು. ನೋಡಿದರೆ ರಾಜಭಂಡಾರದ ಕಬ್ಬಿಣದ ಬೀಗದ ಕೈ! ಕಳೆದುಹೋಗಿದೆ ಎಂದು ಅದಕ್ಕಾಗಿ ಬಾವಿ ಕೂಡ ಬತ್ತಿಸಿದ್ದರು. ಆ ಏಟಿಗೆ ನವಿಲು ಒಂದಿಷ್ಟು ಜಾರಿತು. ಎಲ್ಲರೂ ಮಂತ್ರಿಯ ಹೆಂಡತಿಯ ಬೆವರು ನೋಡುತ್ತಿರುವಾಗ ದೇವೀರಿ ನೆರಿಗೆ ಸರಿಮಾಡುವವಳಂತೆ ಓಡಿಬಂದು, ಬೀಗದ ಕೈ ಕಿತ್ತು, ನವಿಲನ್ನು ಅದರ ಜಾಗಕ್ಕೆ ಒತ್ತಿದಳು.

ಮೂರನೆಯ ಸಭೆಗೆ ಧೂಮಾಕ್ಷನೇ ಬಂದ, ಬಳೆಗಾರ್ತಿಯ ವೇಷದಲ್ಲಿ. ಗಡ್ಡದ ಮೇಲೆ ಮುಸುಕು, ಬೆರಳ ಸಂದಿಯಲ್ಲಿ ಗೋಣಿ ಹೊಲಿಯುವ ದಬ್ಬಳ. "ದೃಷ್ಟಿ ತೆಗೀತೀನಿ ತಾಯೀ," ಎಂದು ಹತ್ತಿರ ಸರಿದು ಸೆರಗಿಗೆ ಗುರಿಯಿಟ್ಟು ಚುಚ್ಚಿದ. ಆದರೆ ದಬ್ಬಳ ಬೆರಳಿನಿಂದ ನುಣುಚಿ ಹಾರಿ ನವಿಲಿಗೆ ಅಡ್ಡಡ್ಡವಾಗಿ ಅಂಟಿಕೊಂಡಿತು. ಅವನು ಎಳೆದ, ಬರಲಿಲ್ಲ. ಮತ್ತೆ ಎಳೆದ, ಮುಸುಕು ಜಾರಿ ಗಡ್ಡ ಕಂಡಿತು. ಸಭೆಯೆಲ್ಲ ಗೊಳ್ಳೆಂದಿತು.

ಅಷ್ಟರಲ್ಲಿ ಸಭೆ ಮುಗಿದ ಶಂಖ ಊದಿದರು. ದಾಳಿಂಬೆ ಸೀರೆ ತಾನಾಗಿ ಬಿಚ್ಚಿಕೊಂಡು ಸಣ್ಣಿಯಾಗಿ ನಿಂತಿತು. ರಾಣಿ ನೂಲಿನ ಸೀರೆಯಲ್ಲಿ ನಗುತ್ತಿದ್ದಳು. ಧೂಮಾಕ್ಷ ನಿಂತಿದ್ದ ಜಾಗದಲ್ಲಿ ಒಂದು ಮಸಿಬಟ್ಟೆ ಬಿದ್ದಿತ್ತು. ಅಡುಗೆಯವರು ಅದನ್ನು ಎತ್ತಿಕೊಂಡು ಹೋದರು. ಬಿಸಿ ಪಾತ್ರೆ ಇಳಿಸಲು ಒಳ್ಳೆಯದಾಯಿತು. ಮೂವರು ಹೆಂಡಿರೂ ಬಂದು ಕಣ್ತುಂಬ ನೋಡಿಕೊಂಡು ಹೋದರು.

ದೇವೀರಿ ತಂಗಿಯ ಹೆಗಲು, ತೋಳು, ಬೆನ್ನು ಎಲ್ಲ ತಡವಿದಳು. ಒಂದು ಗೀರೂ ಇರಲಿಲ್ಲ.

"ಭಯವಾಯಿತೇನೇ?" ಎಂದಳು.

"ಮೊದಲು ಆಯಿತು ಅಕ್ಕ. ನೀನು ಉಡಿಸಲು ಮುಟ್ಟಿದೆಯಲ್ಲ, ಆಮೇಲೆ ಆಗಲಿಲ್ಲ."

ರಾಣಿ ಆ ಚಿನ್ನದ ನವಿಲನ್ನು ತೆಗೆದು ದೇವೀರಿಯ ಮಾಸಿದ ಸೆರಗಿಗೆ ತನ್ನ ಕೈಯಾರೆ ಅಂಟಿಸಿದಳು. ಉಡಿಸುವವಳಿಗೆ ರಾಣಿ ಉಡಿಸಿದ್ದು ಆ ರಾಜ್ಯದಲ್ಲಿ ಅದೇ ಮೊದಲು. ಬೆಟ್ಟಕ್ಕೆ ಗಡಿಗೆ ಗಡಿಗೆ ಜೇನು ಹೋಯಿತು. ಅಕ್ಕ ತಂಗಿ ಒಂದೇ ತಟ್ಟೆಯಲ್ಲಿ ಉಂಡು ಬಹುಕಾಲ ಬಾಳಿದರು. ಅವರ ಬಾಳಿನ ತಂಪು ಕತೆ ಕೇಳಿದವರ ಮನೆಗೂ ಇರಲಿ.